ಬೆಳಗಿನ ಜಾವದ ಬಾಟಲಿ

'ಕೆರೆ ಉಳಿಸಿ' ಬೋರ್ಡ್ ಹಿಡಿದು ನಿಂತ ಗೃಹಿಣಿಯರು, ನಿವೃತ್ತ ಬ್ಯಾಂಕ್ ನೌಕರರು ಕೊನೆಗೆ ರಸಾಯನಶಾಸ್ತ್ರ ಕಲಿಯುವುದು ದಡದಲ್ಲೇ. ಪರೀಕ್ಷೆಯ ಭಯವಿಲ್ಲ, ಅದೇ ಚೆಂದ.

ನೀರಲ್ಲಿ ಕರಗಿದ ಆಮ್ಲಜನಕ ಅಳೆಯೋದನ್ನೇ ತಗೊಳ್ಳಿ. 300 ಮಿ.ಲೀ. ಬಾಟಲಿಯನ್ನು ನೀರೊಳಗೇ ಓರೆಯಾಗಿ ಹಿಡಿದು ತುಂಬಿಸಿ ಮುಚ್ಚಬೇಕು. ಒಂದು ಗುಳ್ಳೆ ಸಿಕ್ಕಿಕೊಂಡರೂ ಲೆಕ್ಕ ಸುಳ್ಳು. ಆಮೇಲೆ ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೋಡೈಡ್-ಅಜೈಡ್ ಎಂಬ ಎರಡು ದ್ರಾವಣ ತಲಾ 2 ಮಿ.ಲೀ. ಹಾಕಬೇಕು, ಪಿಪೆಟ್‌ನ (ಅಳತೆಯ ಕೊಳವೆಯ) ತುದಿ ನೀರಿನ ಮಟ್ಟದ ಕೆಳಗಿರಲಿ. ಬಾಟಲಿ ಅಡಿಮೇಲು ಮಾಡುತ್ತಿದ್ದಂತೆ ಕಂದು ಗಸಿ ಮೂಡಿದರೆ ಆಮ್ಲಜನಕ ಇದೆ. ಸುಣ್ಣದಂತೆ ಬೆಳ್ಳಗೇ ಉಳಿದರೆ, ಆಮ್ಲಜನಕ ಇಲ್ಲ. ಸುತ್ತ ನಿಂತವರೆಲ್ಲ ಸುಮ್ಮನಾಗುತ್ತಾರೆ. ಆ ಬಿಳಿ ಬಣ್ಣ ಹತ್ತು ಭಾಷಣಕ್ಕೆ ಸಮ. ಅಂಕಿ ಬೇಕಾದವರು ಆಮ್ಲ ಹಾಕಿ ಗಸಿ ಕರಗಿಸಿ, ಬಣ್ಣ ಹೋಗಲು ಬೇಕಾದ ಥಯೋಸಲ್ಫೇಟ್ ದ್ರಾವಣದ ಹನಿ ಎಣಿಸುತ್ತಾರೆ.

ಎಲ್ಲರೂ ಎಡವುವುದು ಹೊತ್ತಿನಲ್ಲಿ. ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಅಳೆದರೆ ಪಾಚಿ ಬಿಸಿಲಲ್ಲಿ ಉಸಿರು ತುಂಬಿಸಿ, ಎಲ್ಲ ಸರಿಯಿದೆ ಅನ್ನಿಸುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಹೀರುತ್ತದೆ. ಅದಕ್ಕೇ ಸೂರ್ಯ ಹುಟ್ಟೋ ಮೊದಲು ಒಂದು ಬಾಟಲಿ, ಮಧ್ಯಾಹ್ನ ಒಂದು. ಮೀನುಗಾರಿಕೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಲೀಟರಿಗೆ ಕನಿಷ್ಠ 4 ಮಿ.ಗ್ರಾಂ. ಕರಗಿದ ಆಮ್ಲಜನಕ.

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿದ ಸುದ್ದಿ ನೆನಪಾಯಿತು. ಅಧಿಕಾರಿ 'ನೀರು ಚೆನ್ನಾಗೇ ಇದೆ' ಅಂದಾಗ ಈಗ ಈ ಜನ ಕೇಳೋದು ಒಂದೇ: ಎಷ್ಟು ಗಂಟೆಗೆ ತೆಗೆದ ನೀರು ಸಾರ್?