ಹೊಳೆ ತಂದ ದಿಮ್ಮಿಗೆ ಹಗ್ಗ ಕಟ್ಟಿದ್ದೆ

ಹೋದ ಜುಲೈನಲ್ಲಿ ನನ್ನಿಂದ ಎರಡು ಕ್ಯಾನೂ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಹೊಳೆ ಪಾಲಾದವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನನ್ನ ಬಲಗೈ ಮಣಿಕಟ್ಟಿನ ಮೇಲೆ ಹಗ್ಗ ಉಜ್ಜಿದ ಗೆರೆ ಇನ್ನೂ ಹೋಗಿಲ್ಲ. ಗ್ಲೌಸ್ ಹಾಕುವಾಗೆಲ್ಲ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ, ಸೌತ್ ನಹಾನಿ ಹೊಳೆಯಲ್ಲಿ ಗೈಡ್. ಅದು ನನ್ನ ಮೂರನೇ ಸೀಸನ್. ಹೊಳೆ ಹರಿಯುವ ನಹಾನಿ ನ್ಯಾಷನಲ್ ಪಾರ್ಕಿನೊಳಗೆ ಪ್ರವಾಸಿಗರಿಗೆ ರಸ್ತೆ ಇಲ್ಲ. ನೀರಿನ ಮೇಲೆ ಇಳಿಯುವ ಫ್ಲೋಟ್ ಪ್ಲೇನ್‌ನಲ್ಲಿ ಬಂದು ವರ್ಜಿನಿಯಾ ಫಾಲ್ಸ್‌ನ ಮೇಲ್ಗಡೆ ಇಳಿಯಬೇಕು. ಅಲ್ಲಿನ ಮೂಲನಿವಾಸಿ ಡೆನೆ ಜನ ಆ ಜಲಪಾತವನ್ನು ನಾಯಿಲಿಚೋ ಅನ್ನುತ್ತಾರೆ. ನಯಾಗರದ ಸುಮಾರು ಎರಡರಷ್ಟು ಎತ್ತರ. ಅಲ್ಲಿಂದ ಕ್ಯಾನೂ, ಬ್ಯಾರೆಲ್, ಡ್ರೈ ಬ್ಯಾಗ್, ಸುತ್ತಿಟ್ಟ ರಾಫ್ಟ್ ಎಲ್ಲವನ್ನೂ ಹೊತ್ತು ಫಾಲ್ಸ್ ಕೆಳಗೆ ತರಬೇಕು. ರಾಫ್ಟ್‌ಗೆ ಗಾಳಿ ತುಂಬುವ ಹೊತ್ತಿಗೆ ಭುಜ ಸತ್ತಿರುತ್ತದೆ. ಆಮೇಲೆ ನಾಲ್ಕು ಕ್ಯಾನ್ಯನ್, ಅಂದರೆ ಎತ್ತರದ ಬಂಡೆಗೋಡೆಗಳ ನಡುವಿನ ಕಣಿವೆ. ಹಿಂದಿನವರು ಕೆಳಗಿಂದ ಮೇಲಕ್ಕೆ ಬರುತ್ತಾ ಎಣಿಸಿದ್ದರಿಂದ ನಮಗೆ ಮೊದಲು ಸಿಗುವುದು ನಾಲ್ಕನೆಯದು, ಕೊನೆಗೆ ಒಂದನೆಯದು.

ಆ ಟ್ರಿಪ್‌ನಲ್ಲಿ ಹತ್ತು ಗೆಸ್ಟ್, ಮೂವರು ಗೈಡ್. ಎರಡು ರಾಫ್ಟ್, ಮೂರು ಕ್ಯಾನೂ. ಕ್ಯಾನೂಗಳ ಜವಾಬ್ದಾರಿ ಪೂರ್ತಿ ನನ್ನದು. ಹೆಲ್ಸ್ ಗೇಟ್ ಅನ್ನುವ ರಭಸದ ನೀರಿನ ಜಾಗದಲ್ಲಿ ಒಬ್ಬರೂ ನೀರಿಗೆ ಬೀಳಲಿಲ್ಲ. ಗೆಸ್ಟ್‌ಗಳೆಲ್ಲ ನನ್ನ ಬೆನ್ನು ತಟ್ಟಿದ್ದರು, ನನಗೂ ಧೈರ್ಯ ಬಂದಿತ್ತು.

ಹೆಲ್ಸ್ ಗೇಟ್ ದಾಟಿ ಕೆಳಗೆ ಬಂದರೆ ಫ್ಲ್ಯಾಟ್ ನದಿ ಬಂದು ಸೇರುತ್ತದೆ. ಅವತ್ತು ಅದರ ನೀರು ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕಿತ್ತು. ಎರಡು ನೀರೂ ಸ್ವಲ್ಪ ದೂರ ಅಕ್ಕಪಕ್ಕ ಬೆರೆಯದೆ ಹರಿಯುತ್ತಿದ್ದವು. ಆ ಕಡೆಯ ನೀರಿನ ಮೇಲೆ ಸಣ್ಣ ಕಡ್ಡಿ, ತೊಗಟೆ, ಹಳದಿ ನೊರೆ. ಗೆಸ್ಟ್‌ಗಳಿಗೆ ತೋರಿಸಿದೆ, ಫೋಟೋ ತೆಗೆದುಕೊಂಡರು. ಕಡ್ಡಿ ತೇಲುತ್ತಿದೆ ಅಂದರೆ ದಡದ ಮೇಲೆ ಒಣಗಿ ಬಿದ್ದಿದ್ದನ್ನು ನೀರು ಎತ್ತಿಕೊಂಡಿದೆ ಅಂತ ಅರ್ಥ. ಎಲ್ಲೋ ಮೇಲೆ ಹೊಳೆ ಏರುತ್ತಿದೆ. ಟ್ರೈನಿಂಗ್‌ನಲ್ಲಿ ಇದನ್ನು ಕಲಿತಿದ್ದೆ, ಹೊಸ ಗೈಡ್‌ಗಳಿಗೆ ನಾನೇ ಹೇಳಿಯೂ ಕೊಟ್ಟಿದ್ದೆ. ಅವತ್ತು ಮಾತ್ರ ಆಕಾಶದಲ್ಲಿ ಒಂದು ಮೋಡ ಇರಲಿಲ್ಲ, ಬಿಸಿಲು ಬೆನ್ನು ಸುಡುತ್ತಿತ್ತು. ತಲೆಗೆ ಹೋಗಲೇ ಇಲ್ಲ.

ಮರುದಿನ ಸಂಜೆ ಡೆಡ್‌ಮೆನ್ ವ್ಯಾಲಿ ತಲುಪಿದೆವು. ಎರಡನೇ ಕ್ಯಾನ್ಯನ್‌ಗೂ ಒಂದನೆಯದಕ್ಕೂ ನಡುವೆ ಕಣಿವೆ ಬಾಯಿಬಿಟ್ಟ ಹಾಗೆ ಅಗಲವಾಗುವ ಜಾಗ. ಹೊಳೆಯಂಚಿನ ಜಲ್ಲಿ ದಿಬ್ಬದ ಮೇಲೆ ಕ್ಯಾಂಪ್ ಹಾಕಿದೆವು. ಅಡುಗೆ ಆಯಿತು, ಗ್ರೂವರ್, ಅಂದರೆ ಹೊತ್ತು ತರುವ ಶೌಚದ ಡಬ್ಬ, ಇಟ್ಟಾಯಿತು. ಒಂದು ಕ್ಯಾನೂವನ್ನು ಗಾಳಿ ತಡೆಯಲು ಅಡುಗೆ ಜಾಗಕ್ಕೆ ಒಯ್ದು ಮಗುಚಿಟ್ಟೆವು. ಮಿಕ್ಕ ಎರಡನ್ನು ನಾನೇ ನೀರಿಂದ ಹತ್ತು ಹೆಜ್ಜೆ ಮೇಲೆ ಎಳೆದು ಬೋರಲು ಹಾಕಿದೆ. ನಾಲ್ಕು ಲೈಫ್ ಜಾಕೆಟ್ ಒಳಗಿನ ಅಡ್ಡಪಟ್ಟಿಗೆ ಕ್ಲಿಪ್ ಆಗಿದ್ದವು, ಪ್ಯಾಡಲ್‌ಗಳು ಅಡಿಯಲ್ಲಿ. ಬೆಳಗ್ಗೆ ಹುಡುಕುವ ಕೆಲಸ ಇರಬಾರದು ಅಂತ ಅದು ನನ್ನ ರೂಢಿ.

ಕಟ್ಟಲು ಏನಿದೆ ಅಂತ ನೋಡಿದೆ. ವಿಲ್ಲೋ ಪೊದೆ ಇನ್ನೂ ಮೂವತ್ತು ಹೆಜ್ಜೆ ದೂರ. ಪಕ್ಕದಲ್ಲೇ ಒಂದು ದಿಮ್ಮಿ ಬಿದ್ದಿತ್ತು. ತಬ್ಬಿದರೆ ಕೈಗೆ ಕೈ ಸಿಗದಷ್ಟು ದಪ್ಪ, ಎರಡು ಕ್ಯಾನೂ ಸೇರಿಸಿದಷ್ಟು ಉದ್ದ. ಕಾಲಲ್ಲಿ ಒದ್ದು ನೋಡಿದೆ, ಅಲ್ಲಾಡಲಿಲ್ಲ. ಎರಡೂ ಬೋ ಲೈನ್ (ಕ್ಯಾನೂವಿನ ಮುಂದಿನ ಹಗ್ಗ) ಅದಕ್ಕೇ ಕಟ್ಟಿದೆ. ಗಂಟು ಚೆನ್ನಾಗಿ ಬಿತ್ತು, ಎರಡು ಸಲ ಎಳೆದೂ ನೋಡಿದೆ.

ಆ ದಿಮ್ಮಿ ಇವತ್ತಿಗೂ ಕಣ್ಣ ಮುಂದಿದೆ. ತೊಗಟೆ ಪೂರ್ತಿ ಹೋಗಿತ್ತು. ಕೊಂಬೆ ಮುರಿದ ಕಡೆಗಳೆಲ್ಲ ಉಜ್ಜಿ ಉಜ್ಜಿ ಗುಂಡಗಾಗಿ, ಮೈ ಬೂದು ಬಣ್ಣಕ್ಕೆ ತಿರುಗಿ, ಕೈಯಾಡಿಸಿದರೆ ಹಳೇ ಮಣೆಯ ಹಾಗೆ ನುಣ್ಣಗಿತ್ತು. ಸುತ್ತ ಎಲ್ಲೂ ಅಷ್ಟು ದಪ್ಪದ ಮರ ಇರಲಿಲ್ಲ. ಹಾಗಾದರೆ ಅದನ್ನು ಅಲ್ಲಿಗೆ ತಂದವರು ಯಾರು? ಹೊಳೆಯೇ ಅಲ್ವಾ? ನಾಲ್ಕು ಜನ ಸೇರಿ ಎತ್ತಲಾಗದ್ದನ್ನು ನೀರು ಒಂದು ಸಲ ಎತ್ತಿ ತಂದಿತ್ತು. ಅದರ ಮೇಲೆ ಕೂತು ಟೀ ಕುಡಿದೆ. ಆ ಪ್ರಶ್ನೆ ಮಾತ್ರ ಹೊಳೆಯಲಿಲ್ಲ.

ಒಂಬತ್ತಕ್ಕೆ ನೀರಿನಂಚಿಗೆ ಕೋಲು ನೆಟ್ಟೆ. ಹನ್ನೊಂದಕ್ಕೆ ನೋಡಿದಾಗ ನೀರು ಎರಡು ಬೆರಳು ಮೇಲೆ ಬಂದಿತ್ತು.

ನಮ್ಮಲ್ಲಿ ನಿಯಮ ಇದೆ. ರಾತ್ರಿ ಕೋಲು ಎಷ್ಟೇ ಮುಳುಗಲಿ, ಟ್ರಿಪ್ ಲೀಡರನ್ನು ಎಬ್ಬಿಸಬೇಕು. ಎಬ್ಬಿಸಲಿಲ್ಲ. ಅವರು ಬೆಳಗ್ಗೆ ಐದರಿಂದ ನಿಂತೇ ಇದ್ದವರು, ಆಗಷ್ಟೇ ಮಲಗಿದ್ದರು. ಎರಡು ಬೆರಳು ನೀರಿಗೆ ಗಾಬರಿಯಾಗುವ ಗೈಡ್ ಅನ್ನಿಸಿಕೊಳ್ಳಲು ನನಗೂ ಇಷ್ಟ ಇರಲಿಲ್ಲ. ಕ್ಯಾನೂ ಹತ್ತು ಹೆಜ್ಜೆ ದೂರ ಇದೆ ಅಂದುಕೊಂಡೆ. ಜಲ್ಲಿ ದಿಬ್ಬ ಹೆಚ್ಚುಕಮ್ಮಿ ಚಪ್ಪಟೆ. ಅಲ್ಲಿ ಹತ್ತು ಹೆಜ್ಜೆ ನಡೆದರೆ ಮೊಣಕಾಲಿನ ಅರ್ಧದಷ್ಟೂ ಎತ್ತರ ಸಿಗುವುದಿಲ್ಲ. ನಾನು ಅಳೆದದ್ದು ದೂರ. ಅಳೆಯಬೇಕಾಗಿದ್ದು ಎತ್ತರ.

ಕೋಲನ್ನು ಕಿತ್ತು ಹೊಸ ಅಂಚಿಗೆ ನೆಟ್ಟು, ಹೋಗಿ ಮಲಗಿದೆ.

ಮೂರರ ಸುಮಾರಿಗೆ ಯಾರೋ ಕೂಗಿದರು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ಗೆಸ್ಟ್, ಎಪ್ಪತ್ತು ದಾಟಿದವರು. ಮೂತ್ರಕ್ಕೆ ಅಂತ ಎದ್ದಿದ್ದರು. "ದೋಣಿ ಹೋಗ್ತಾ ಇದೆ! ದೋಣಿ!"

ಜುಲೈನಲ್ಲಿ ಅಲ್ಲಿ ಪೂರ್ತಿ ಕತ್ತಲಾಗುವುದಿಲ್ಲ. ಟೆಂಟಿಂದ ಹೊರಗೆ ಬಂದಾಗ ಬೂದು ಬೆಳಕು. ಮೊದಲು ಕಿವಿಗೆ ಬಿದ್ದದ್ದು ಸದ್ದು. ಸಂಜೆ ಜುಳುಜುಳು ಅನ್ನುತ್ತಿದ್ದ ಹೊಳೆ ಈಗ ಒಂದೇ ಸಮ ಗುಂಯ್‌ಗುಡುತ್ತಿತ್ತು. ತಳದಲ್ಲಿ ಕಲ್ಲುಗಳು ಉರುಳುವ ಕಟಕಟ ಬೇರೆ. ನನ್ನ ಕೋಲು ಕಾಣಿಸಲೇ ಇಲ್ಲ. ದಿಮ್ಮಿ ನಿಧಾನಕ್ಕೆ, ಯಾರೋ ಒಳಗಿಂದ ಭುಜ ಕೊಟ್ಟು ತಿರುಗಿಸುತ್ತಿದ್ದಾರೇನೋ ಅನ್ನುವ ಹಾಗೆ, ಒಂದು ಕಡೆಯಿಂದ ತಿರುಗುತ್ತಿತ್ತು. ಕ್ಯಾನೂಗಳು ಎರಡೂ ಅದರ ಹಿಂದೆ.

ಓಡಿದೆ. ಬರಿಗಾಲು, ಮೈಮೇಲೆ ಲೈಫ್ ಜಾಕೆಟ್ ಇಲ್ಲ. ಮೊಣಕಾಲವರೆಗಿನ ನೀರಿಗೆ ಇಳಿದು ಹತ್ತಿರದ ಕ್ಯಾನೂವಿನ ಹಿಂದಿನ ಹಗ್ಗ ಹಿಡಿದೆ. ಜಾರಿತು. ಜಾರದಿರಲಿ ಅಂತ ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡೆ.

ಹಗ್ಗವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ ಅಂತ ಪ್ರತಿ ಟ್ರಿಪ್‌ನ ಮೊದಲ ದಿನ ಥ್ರೋ ಬ್ಯಾಗ್ (ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ) ಕೈಯಲ್ಲಿ ಹಿಡಿದು ಹೇಳುವವನು ನಾನೇ. ಅವತ್ತು ನನ್ನ ಕೈ ನನ್ನ ಮಾತು ಕೇಳಲಿಲ್ಲ.

ದಿಮ್ಮಿಗೆ ಮುಖ್ಯ ಹರಿವು ಸಿಕ್ಕಿತು. ಹಗ್ಗ ಬಿಗಿಯಾಯಿತು, ಸುತ್ತು ಒಂದರೊಳಗೊಂದು ಕಚ್ಚಿಕೊಂಡಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನೀರು ಸೊಂಟಕ್ಕೆ ಬಂತು. ಚಳಿ ಗೊತ್ತಾಗಲಿಲ್ಲ. ಕಾಲಡಿಯ ಜಲ್ಲಿ ಸರಿಯುತ್ತಿದ್ದದ್ದು ಮಾತ್ರ ಗೊತ್ತಾಗುತ್ತಿತ್ತು. ಹಿಂದಿಂದ ಲೀಡರ್ ಕೂಗುತ್ತಿದ್ದರು: "ಬಿಡು! ಹಗ್ಗ ಬಿಡು!" ಬಿಡಲು ಆಗುತ್ತಿರಲಿಲ್ಲ. ಅದನ್ನು ಕೂಗಿ ಹೇಳಲೂ ಬಾಯಿ ಬರಲಿಲ್ಲ. ಲೈಫ್ ಜಾಕೆಟ್‌ನಲ್ಲಿ ನನ್ನ ಚಾಕು ಇದೆ, ಜಾಕೆಟ್ ಟೆಂಟ್‌ನಲ್ಲಿದೆ. ಆ ಹೊತ್ತಲ್ಲಿ ತಲೆಯಲ್ಲಿ ಇದ್ದದ್ದು ಅದೊಂದೇ.

ದಿಮ್ಮಿಯ ತುದಿ ಎಲ್ಲೋ ತಳಕ್ಕೆ ತಾಗಿರಬೇಕು. ಅರೆಗಳಿಗೆ ತಡೆಯಿತು, ಹಗ್ಗ ಸಡಿಲಾಯಿತು. ಕೈ ಕೊಡವಿದೆ, ಸುತ್ತು ಬಿಚ್ಚಿತು. ಹಿಂದಕ್ಕೆ ಬಿದ್ದೆ. ಲೀಡರ್ ನನ್ನ ಅಂಗಿಯ ಕಾಲರ್ ಹಿಡಿದು ದಡಕ್ಕೆ ಎಳೆದರು. ಎದ್ದು ನೋಡುವಷ್ಟರಲ್ಲಿ ಎರಡು ಕ್ಯಾನೂ, ಒಂದು ದಿಮ್ಮಿ, ಮೂರೂ ತಿರುವಿನಾಚೆ ಮರೆಯಾಗುತ್ತಿದ್ದವು.

ಉಳಿದಿರುವ ಕ್ಯಾನೂವನ್ನು ಇಳಿಸಿ ಹಿಂದೆ ಹೋಗುತ್ತೇನೆ ಅಂದೆ. ಅವರು ನನ್ನ ಮುಖವನ್ನೂ ನೋಡಲಿಲ್ಲ. "ಮೊದಲು ತಲೆ ಎಣಿಸು" ಅಂದರು. ಎಣಿಸಿದೆ, ನನ್ನನ್ನೂ ಸೇರಿಸಿ ಹದಿಮೂರು. ಆಮೇಲೆ ಒಂದು ಗಂಟೆ ಯಾರೂ ಬೇರೆ ಮಾತಾಡಲಿಲ್ಲ. ಟೆಂಟ್, ಅಡುಗೆ ಸಾಮಾನು, ರಾಫ್ಟ್ ಎಲ್ಲವನ್ನೂ ಸ್ಪ್ರೂಸ್ ಮರಗಳ ಹತ್ತಿರಕ್ಕೆ ಸಾಗಿಸಿದೆವು. ನನ್ನ ಕೈ ನಡುಗುತ್ತಿತ್ತು. ಆ ಹಿರಿಯ ಗೆಸ್ಟ್ ನನ್ನ ಕೈಯಿಂದ ಬ್ಯಾಗ್ ತೆಗೆದುಕೊಂಡು ಸುಮ್ನೆ ಪಕ್ಕದಲ್ಲಿ ನಡೆದರು.

ನಿಜವಾದ ತಾಪತ್ರಯ ಬೆಳಗ್ಗೆ ಗೊತ್ತಾಯಿತು. ರಾಫ್ಟ್‌ಗಳಲ್ಲಿ ಎಲ್ಲರಿಗೂ ಜಾಗ ಇತ್ತು. ಲೈಫ್ ಜಾಕೆಟ್ ಇರಲಿಲ್ಲ. ಹೋದದ್ದು ನಾಲ್ಕು, ಸ್ಪೇರ್ ಇದ್ದದ್ದು ಎರಡು. ಹಿಂದಿನ ಸೀಸನ್‌ವರೆಗೆ ಸ್ಪೇರ್ ನಾಲ್ಕು ಒಯ್ಯುತ್ತಿದ್ದೆವು. ಪ್ಲೇನ್‌ನ ತೂಕ ಉಳಿಸಲು ಆಫೀಸಿನವರು ಎರಡಕ್ಕೆ ಇಳಿಸಿದ್ದರು. ಲೈಫ್ ಜಾಕೆಟ್ ಎಷ್ಟು ತೂಕ ಇರುತ್ತದೆ ಹೇಳಿ? ಆ ಟ್ರಿಪ್‌ಗೆ ಮಡಚುವ ಕುರ್ಚಿಗಳನ್ನು ಮಾತ್ರ ಒಂದೂ ಬಿಡದೆ ಕಳಿಸಿದ್ದರು. ನನ್ನ ತಪ್ಪು ನನ್ನದೇ, ಅದನ್ನು ಯಾರ ಮೇಲೂ ಹಾಕುತ್ತಿಲ್ಲ. ಆದರೆ ಗೈಡ್‌ಗಳನ್ನು ಒಂದು ಮಾತು ಕೇಳದೆ ಸ್ಪೇರ್ ಕಡಿಮೆ ಮಾಡಿದ್ದು ತಪ್ಪು. ಈಗಲೂ ಹಾಗೇ ಹೇಳುತ್ತೇನೆ.

ಸ್ಯಾಟಲೈಟ್ ಫೋನ್‌ನಲ್ಲಿ ಆಫೀಸಿಗೆ ಹೇಳಿದೆವು. ಎಲ್ಲರೂ ಚೆನ್ನಾಗಿದ್ದೀರಾ ಅಂತ ಕೇಳಿದರು. ಅದರ ಬೆನ್ನಿಗೇ ಬಂದ ಪ್ರಶ್ನೆ, ಪಿಕಪ್ ದಿನಕ್ಕೆ ಮುಟ್ಟುತ್ತೀರಾ ಅಂತ. ಲೀಡರ್ "ಹೊಳೆ ಇಳಿದ ಮೇಲೆ ಹೇಳುತ್ತೇನೆ" ಅಂದು ಫೋನ್ ಇಟ್ಟರು. ಎದುರು ನೀರಿನಲ್ಲಿ ರಾಫ್ಟ್ ಹೋಗುವುದಿಲ್ಲ. ಒಬ್ಬರನ್ನು ಹುಡುಕಲು ಕಳಿಸಿದರೆ ಅವರು ವಾಪಸ್ ಬರಲು ಆಗುವುದಿಲ್ಲ. ಹಾಗಾಗಿ ಕಾದೆವು. ಮರುದಿನ ಮಧ್ಯಾಹ್ನ ಬೇರೊಂದು ಗುಂಪು ಬಂತು. ಅವರ ಗೈಡ್ ಒಂದೂ ಪ್ರಶ್ನೆ ಕೇಳದೆ ಎರಡು ಜಾಕೆಟ್ ತೆಗೆದು ಕೊಟ್ಟರು. ಅಷ್ಟರಲ್ಲಿ ನೀರೂ ಇಳಿಯತೊಡಗಿತ್ತು. ಮೇಲಿನ ಬೆಟ್ಟಗಳು ಕಡಿದಾದವು, ಮಣ್ಣು ಕಮ್ಮಿ, ಮಳೆ ಹಿಡಿದಿಡಲು ಏನೂ ಇಲ್ಲ. ಅಲ್ಲಿನ ನೀರು ಬಂದಷ್ಟೇ ಬೇಗ ಹೋಗಿಬಿಡುತ್ತದೆ.

ಕ್ಯಾನೂವಿಗೆಂದೇ ಬಂದಿದ್ದ ಒಂದು ಜೋಡಿ ಒಂದನೇ ಕ್ಯಾನ್ಯನ್ ಪೂರ್ತಿ ರಾಫ್ಟ್‌ನಲ್ಲಿ ಕೂತು ನೋಡಬೇಕಾಯಿತು. ಆ ಟ್ರಿಪ್‌ಗಾಗಿ ವರ್ಷವಿಡೀ ಕೆರೆಯಲ್ಲಿ ಪ್ಯಾಡಲ್ ಮಾಡಿ ತಯಾರಾದವರು. ಎರಡೂ ಕಡೆ ಅಷ್ಟೆತ್ತರದ ಸುಣ್ಣಕಲ್ಲಿನ ಗೋಡೆ, ಅವರಿಬ್ಬರ ಕೈ ಖಾಲಿ. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತೇನೋ, ಬೈಯಲಿಲ್ಲ.

ಮೊದಲ ಕ್ಯಾನೂ ಅದೇ ಕ್ಯಾನ್ಯನ್‌ನ ಒಂದು ಎಡ್ಡಿಯಲ್ಲಿ (ದಡದ ಬಳಿಯ ಸುಳಿನೀರು) ಸುತ್ತುತ್ತಾ ಸಿಕ್ಕಿತು. ಅದರ ಹಗ್ಗ ಹರಿದಿತ್ತು. ಎರಡನೆಯದು ಸಿಕ್ಕಿದ್ದು ಸ್ಪ್ಲಿಟ್ಸ್‌ನಲ್ಲಿ, ಹೊಳೆ ಹತ್ತಾರು ಕವಲಾಗುವ ಕಡೆ, ದಿಮ್ಮಿಗಳ ದೊಡ್ಡ ರಾಶಿಯೊಳಗೆ ನಡು ಮಡಚಿಕೊಂಡು. ಝಡ್ ಡ್ರ್ಯಾಗ್ (ಹಗ್ಗ, ರಾಟೆಗಳ ಎಳೆಯುವ ಜೋಡಣೆ) ಹಾಕಿ ಎರಡು ಗಂಟೆ ಎಳೆದೆವು. ಬೋ ಲೈನ್ ಇನ್ನೂ ಆ ಬೂದು ದಿಮ್ಮಿಗೇ ಕಟ್ಟಿಕೊಂಡಿತ್ತು. ನನ್ನ ಗಂಟು ಒಂದಿಷ್ಟೂ ಸಡಿಲಾಗಿರಲಿಲ್ಲ. ಚಾಕುವಿನಿಂದ ಕತ್ತರಿಸಬೇಕಾಯಿತು.

ಈಗ ಕ್ಯಾನೂ ಬೇರು ಬಿಟ್ಟ ಮರದ ಹತ್ತಿರಕ್ಕೇ ಹೋಗುತ್ತದೆ, ಎಷ್ಟು ದೂರ ಇದ್ದರೂ ಸರಿ. ಜಾಕೆಟ್‌ಗಳು ಗೆಸ್ಟ್‌ಗಳ ಟೆಂಟ್‌ನಲ್ಲಿ ಮಲಗುತ್ತವೆ. ನೀರು ಒಂದು ಬೆರಳು ಏರಿದರೂ ಲೀಡರನ್ನು ಎಬ್ಬಿಸುತ್ತೇನೆ. ಆಗಸ್ಟ್‌ನಲ್ಲಿ ಎರಡು ಸಲ ಸುಮ್ನೆ ಎಬ್ಬಿಸಿದ ಹಾಗಾಯಿತು. ಎರಡೂ ಸಲ ಅವರು ಎದ್ದು ಬಂದು, ಕೋಲು ನೋಡಿ, "ಒಳ್ಳೇದಾಯ್ತು" ಅಂದು ಹೋಗಿ ಮಲಗಿದರು.

ಸ್ಪೇರ್ ಜಾಕೆಟ್ ಮತ್ತೆ ನಾಲ್ಕಾಗಿದೆ. ರಿಪೋರ್ಟ್ ವಿಷಯ ಮಾತ್ರ ಬಗೆಹರಿದಿಲ್ಲ. ಕಾರಣ ಅನ್ನುವ ಕಾಲಂನಲ್ಲಿ ಆಫೀಸಿನವರು "ಹಠಾತ್ ನೆರೆ" ಅಂತ ತುಂಬಿದ್ದಾರೆ. ಅದು ಹಠಾತ್ ಆಗಿರಲಿಲ್ಲ. ಹಿಂದಿನ ದಿನವೇ ಕಡ್ಡಿ ಕಳಿಸಿ ಹೇಳಿತ್ತು, ಹನ್ನೊಂದು ಗಂಟೆಗೆ ಎರಡು ಬೆರಳು ಏರಿ ಮತ್ತೆ ಹೇಳಿತ್ತು. "ಗೈಡ್ ತೇಲುವ ದಿಮ್ಮಿಗೆ ಕಟ್ಟಿದ್ದ, ಲೀಡರನ್ನು ಎಬ್ಬಿಸಲಿಲ್ಲ" ಅಂತ ಬರೆಯಿರಿ ಅಂತ ಎರಡು ಸಲ ಮೇಲ್ ಹಾಕಿದೆ. ಹೊಸದಾಗಿ ಸೇರುವವರು ಓದುವುದು ಆ ರಿಪೋರ್ಟನ್ನೇ. ಇನ್ನೂ ಬದಲಾಗಿಲ್ಲ. ಜೂನ್ ಟ್ರೈನಿಂಗ್‌ಗೆ ಹೋದಾಗ ಪ್ರಿಂಟ್ ತೆಗೆದು, ಆ ಸಾಲು ಹೊಡೆದು, ಕೈಯಲ್ಲೇ ಬರೆದು ಕೊಡುತ್ತೇನೆ.