ಕೊಲ್ಹಾಪುರದ ಬಿಳಿ ರಸ್ಸಾ

ಮಹಾರಾಷ್ಟ್ರ ಗಡಿಯ ಕೊಗನೊಳ್ಳಿ ಟೋಲ್ ದಾಟಿದ ಮೇಲೆ ಅಂಗಡಿಗಳ ಬೋರ್ಡು ಮರಾಠಿಗೆ ತಿರುಗುತ್ತವೆ. ರಸ್ತೆ ಪಕ್ಕದ ಕಬ್ಬು ಮಾತ್ರ ಅದೇ. ಕಾಗಲ್ ಬಂತು ಅಂದರೆ ಕೊಲ್ಹಾಪುರ ಇನ್ನೇನು ಬಂದಂತೆಯೇ. ಬೆಳಗಾವಿಯಿಂದ ಸುಮಾರು 110 ಕಿ.ಮೀ. ದಾರಿ. ಜನ ಮಹಾಲಕ್ಷ್ಮಿ ದರ್ಶನಕ್ಕೆ ಹೋಗುತ್ತಾರೆ, ಚಪ್ಪಲಿ ಕೊಂಡು ಬರುತ್ತಾರೆ. ನಾನು ಹೋಗಿದ್ದು ಊಟಕ್ಕೆ.

ಬೆಂಗಳೂರಿನ ಹೋಟೆಲುಗಳ ಮೆನುವಿನಲ್ಲಿ ‘ವೆಜ್ ಕೊಲ್ಹಾಪುರಿ’ ಅಂತ ಒಂದಿರುತ್ತದೆ, ಗೊತ್ತಲ್ವಾ? ಕೆಂಪು ಗ್ರೇವಿ, ಮೇಲೊಂದು ಕರಿದ ಮೆಣಸಿನಕಾಯಿ. ಅದನ್ನು ತಿಂದು ಕೊಲ್ಹಾಪುರದವರು ಸುಮ್ನೆ ಖಾರ ತಿನ್ನುವವರು ಅಂದುಕೊಂಡವರೇ ಜಾಸ್ತಿ.

ಬೆಳಿಗ್ಗೆ ಮೊದಲು ಮಿಸಳ್. ಮೊಳಕೆ ಬರಿಸಿದ ಮಡಿಕೆ ಕಾಳಿನ ಉಸಳಿ, ಮೇಲೆ ಫರಸಾಣ (ಮಿಕ್ಸ್ಚರ್), ಈರುಳ್ಳಿ, ಅದರ ಮೇಲೆ ಎಣ್ಣೆ ತೇಲುವ ಕಟ್, ಅಂದರೆ ಖಾರದ ತಿಳಿ ಸಾರು. ಮುಂಬೈ ಕಡೆಯಂತೆ ಇಲ್ಲಿ ಪಾವ್ ಕೊಡುವುದಿಲ್ಲ, ಸ್ಲೈಸ್ ಬ್ರೆಡ್ಡು. ಕಟ್ ಮುಗಿದರೆ ಹುಡುಗ ಕೇಳದೆಯೇ ಸುರಿದು ಹೋಗುತ್ತಾನೆ. ಮೂಗು ಸೋರಿತು, ಆದರೆ ಹೊಟ್ಟೆ ಉರಿಯಲಿಲ್ಲ.

ಮಧ್ಯಾಹ್ನ ಗೆಳೆಯನ ಮಾವಶಿ (ತಾಯಿಯ ಸೋದರಿ) ಮನೆ. ಅವರ ತವರು ನಿಪ್ಪಾಣಿ, ಹಾಗಾಗಿ ಕನ್ನಡ ಸಲೀಸು. ಹೋದ ತಕ್ಷಣ ಒಲೆ ಹತ್ತಿರವೇ ನಿಂತೆ. ಮಟನ್ನಿಗೆ ಉಪ್ಪು, ಶುಂಠಿ, ಬೆಳ್ಳುಳ್ಳಿ, ಸ್ವಲ್ಪ ಈರುಳ್ಳಿ ಅಷ್ಟೇ. ಪಾತ್ರೆ ಮೇಲೆ ತಾಟು ಮುಚ್ಚಿ, ತಾಟಿನೊಳಗೆ ನೀರು ಹಾಕಿದರು. ಕೆಳಗಿನ ಹಬೆಗೆ ಆ ನೀರು ಕಾಯುತ್ತದೆ. ಒಳಗಿನ ನೀರು ಕಡಿಮೆಯಾದಾಗ ಅದನ್ನೇ ಬಗ್ಗಿಸಬೇಕು. ತಣ್ಣೀರು ಹಾಕುವ ಮಾತೇ ಇಲ್ಲ. ಕುಕ್ಕರ್ ಯಾಕೆ ಬೇಡ ಅಂತ ಕೇಳಿದೆ.

“ಅವಸರದವ್ರಿಗೆ ಕುಕ್ಕರ್ ಐತೆಪಾ. ಎಲುಬಿನ ರುಚಿ ನೀರಿಗೆ ಇಳಿಬೇಕಂದ್ರ ಹಿಂಗ ಕುದಿಸಬೇಕು” ಅಂದರು.

ಈ ಖಾರವಿಲ್ಲದ ನೀರಿಗೆ ಅಳಣಿ ಅನ್ನುತ್ತಾರೆ. ಅದನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲಿಗೆ ಹುರಿದ ಒಣಕೊಬ್ಬರಿ, ಎಳ್ಳು, ಕಾಂದಾ-ಲಸೂಣ್ (ಈರುಳ್ಳಿ-ಬೆಳ್ಳುಳ್ಳಿ) ಮಸಾಲೆ ಬಿದ್ದರೆ ತಾಂಬಡಾ ರಸ್ಸಾ, ಅಂದರೆ ಕೆಂಪು ಸಾರು. ಇನ್ನೊಂದಕ್ಕೆ ತುಪ್ಪದಲ್ಲಿ ಚಕ್ಕೆ, ಲವಂಗ, ಏಲಕ್ಕಿ, ಕಾಳುಮೆಣಸಿನ ಒಗ್ಗರಣೆ, ಗಸಗಸೆ-ಎಳ್ಳು-ಗೋಡಂಬಿ ಅರೆದದ್ದು, ಕೊನೆಗೆ ತೆಂಗಿನ ಹಾಲು. ಅದೇ ಪಾಂಢರಾ ರಸ್ಸಾ, ಬಿಳಿಯದು. ಹಾಲು ಹಾಕಿದ ಮೇಲೆ ಮಾವಶಿ ಒಲೆ ಬಿಟ್ಟು ಕದಲಲಿಲ್ಲ. ಉರಿ ಸಣ್ಣದು ಮಾಡಿ ಸೌಟು ಆಡಿಸುತ್ತಲೇ ಇದ್ದರು. ಜೋರಾಗಿ ಕುದಿದರೆ ಒಡೆಯುತ್ತದಂತೆ. ಮಟನ್ ಮಾತ್ರ ಬೇರೆ, ಒಣಗಿಸಿ ಸುಕ್ಕಾ.

ಊಟಕ್ಕೆ ಜೋಳದ ಭಾಕರಿ, ನಮ್ಮ ರೊಟ್ಟಿಯೇ. ಮೊದಲು ಬಿಳಿ ರಸ್ಸಾವನ್ನು ಬಟ್ಟಲು ಎತ್ತಿ ಸೊರ್ ಅಂತ ಹೀರಬೇಕು. ತೆಳ್ಳಗೆ, ಹಿತವಾಗಿ, ಗಂಟಲಲ್ಲಿ ಮಾತ್ರ ಸಣ್ಣಗೆ ಮೆಣಸಿನ ಬಿಸಿ. ಎಲ್ಲರೂ ಕೆಂಪು ರಸ್ಸಾವನ್ನೇ ಹೊಗಳುತ್ತಾರೆ. ನನ್ನನ್ನು ಕೇಳಿದರೆ ಕೊಲ್ಹಾಪುರದ ಕೈಗುಣ ಇರುವುದು ಬಿಳಿಯದರಲ್ಲಿ. ಕೆಂಪಿನಲ್ಲಿ ಕೈ ತಪ್ಪಿದರೂ ಮಸಾಲೆ ಮುಚ್ಚಿಬಿಡುತ್ತದೆ. ಬಿಳಿಯದರಲ್ಲಿ ಮುಚ್ಚಿಡಲು ಏನೂ ಇಲ್ಲ.

ಕಾಂದಾ-ಲಸೂಣ್ ಮಸಾಲೆಯ ಡಬ್ಬಿಯನ್ನೂ ಮಾವಶಿ ತೋರಿಸಿದರು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕುಟ್ಟಿಸಿಡುತ್ತಾರೆ. ಮೇಲೆ ಇಂಗಿನ ತುಂಡು, ಹುಳ ಬೀಳದಿರಲಿ ಅಂತ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಸಂಕೇಶ್ವರಿ. ಎರಡೂ ನಮ್ಮ ಕಡೆಯ ಹೆಸರೇ! ಮಹಾರಾಷ್ಟ್ರದ ಹೆಸರಾಂತ ಖಾರಕ್ಕೆ ಹಾವೇರಿ, ಬೆಳಗಾವಿ ಜಿಲ್ಲೆಗಳ ಬೆನ್ನೆಲುಬು ಇದೆ ಅಂತ ಸ್ವಲ್ಪ ಜಂಬ ಪಟ್ಟೆ. ಮಾವಶಿ ನಕ್ಕು, “ಬೆಳಿಯೂದು ನೀವು, ಹುರಿಯೂದು ನಾವು” ಅಂದರು.

ಸಂಜೆ ಗಂಗಾವೇಸ್ ಕಡೆ ಹೋದೆವು. ಅಲ್ಲಿ ಹಾಲಿನ ಕಟ್ಟೆ ಇದೆ. ಎಮ್ಮೆಗಳನ್ನು ಬೀದಿಗೇ ತಂದು, ಎದುರಿಗೇ ಕರೆದು, ನೊರೆ ಸಮೇತ ಲೋಟಕ್ಕೆ ಕೊಡುತ್ತಾರೆ. ಕುಸ್ತಿಯ ಊರಿನ ಅಭ್ಯಾಸ ಇದು. ಶಾಹು ಮಹಾರಾಜರ ಕಾಲದಲ್ಲಿ, 1912ರಲ್ಲಿ ಆದ ಖಾಸಬಾಗ್ ಕುಸ್ತಿ ಮೈದಾನ ಇವತ್ತಿಗೂ ಇದೆ. ಕಾಯಿಸದ ಹಾಲು ನನಗೆ ಸೇರುವುದಿಲ್ಲ, ಗೆಳೆಯ ನನ್ನದನ್ನೂ ಕುಡಿದ.

ನೀವು ಹೋಗುವುದಾದರೆ ಶ್ರಾವಣ ಬಿಟ್ಟು ಹೋಗಿ. ಆ ತಿಂಗಳು ಎಷ್ಟೋ ಮನೆಗಳಲ್ಲಿ ಮಟನ್ ಮಾಡುವುದಿಲ್ಲ. ಆಷಾಢದ ಕೊನೆಯ ವಾರ ಹೋದರೆ ಮಾತ್ರ ಭರ್ಜರಿ. ತಿಂಗಳಿಡೀ ಬಿಡಬೇಕಲ್ಲ ಅಂತ ಎಲ್ಲರ ಮನೆಯಲ್ಲೂ ಪಾತ್ರೆ ಒಲೆ ಮೇಲೆಯೇ ಇರುತ್ತದೆ.