ಮುದ್ರೆಯ ಬೆನ್ನು ನೋಡಿ

ಚುನಾವಣೆ ಮುಗಿದ ಮೇಲೆ ಮತಯಂತ್ರದ ಕೊಠಡಿಯ ಬಾಗಿಲಿಗೆ ಒತ್ತುವ ಕೆಂಪು ಅರಗನ್ನು ಮಡಿಕೇರಿಯಲ್ಲಿ ನೋಡಿದವರು, ಮಧ್ಯಯುಗದ ಯುರೋಪಿನ ಪಟ್ಟಣಗಳ ಮುದ್ರೆಯೂ ಹೀಗೇ ಇತ್ತು ಅಂದುಕೊಳ್ಳುತ್ತಾರೆ. ಅದು ಅರಗಲ್ಲ, ಜೇನುಮೇಣ. ಅರಗು ನಮ್ಮ ಕಡೆಯ ಮರಗಳ ಮೇಲೆ ಬದುಕುವ ಕೀಟದ್ದು. ಅಲ್ಲಿನ ಪತ್ರಗಳಿಗೆ ಅದು ಹತ್ತಿದ್ದು 16ನೇ ಶತಮಾನದಲ್ಲಿ.

ಬರೀ ಮೇಣ ತೀರಾ ಮೆತ್ತಗೆ. ಹಾಗಾಗಿ ಎರಡು ಪಾಲು ಮೇಣಕ್ಕೆ ಸುಮಾರು ಒಂದು ಪಾಲು ಮರದ ರಾಳ ಸೇರಿಸುತ್ತಿದ್ದರು. ಇಂಗಳೀಕ ಬೆರೆತರೆ ಕೆಂಪು, ತಾಮ್ರದ ಕಿಲುಬು ಬೆರೆತರೆ ಹಸಿರು. ರಾಳ ಹೆಚ್ಚಾದರೆ ಅಂಚು ಸಿಡಿಯುತ್ತದೆ, ಕಡಿಮೆಯಾದರೆ ಸೆಖೆಗೆ ಅಕ್ಷರ ಮಸುಕಾಗುತ್ತದೆ. ಜೇನುಮೇಣ ಕರಗುವುದು 62–64 ಡಿಗ್ರಿಗೆ, ಆದರೆ ಅದಕ್ಕೆ ಎಷ್ಟೋ ಮೊದಲೇ, ಬೆಚ್ಚನೆಯ ನೀರಿನಲ್ಲೇ ಕಣಕದ ಹಾಗೆ ನಾದಲು ಬರುತ್ತದೆ. ಕೊಡಗಿನಲ್ಲಿ ಜೇನು ಸಾಕುವವರ ಬೆರಳಿಗೆ ಆ ಹದ ಗೊತ್ತು. ಅಚ್ಚು ಒತ್ತುತ್ತಿದ್ದದ್ದೂ ಸಾಮಾನ್ಯವಾಗಿ ಆ ಹದದಲ್ಲೇ.

ಪತ್ರ ಬರೆದ ಚರ್ಮದ ಹಾಳೆಯ ಕೆಳ ಅಂಚನ್ನು ಮೊದಲು ಮೇಲಕ್ಕೆ ಮಡಚಬೇಕು, ಮುದ್ರೆ ತೂಗುವುದು ಅಲ್ಲಿಂದಲೇ. ಒಂಟಿ ಪದರವಾದರೆ ಮುದ್ರೆಯ ಭಾರಕ್ಕೆ ಸೀಳು ಹರಿದುಹೋಗುತ್ತದೆ. ಮಡಿಕೆಯ ಎರಡೂ ಪದರಕ್ಕೆ ಸೀಳು ಹಾಕಿ, ಚರ್ಮದ ಪಟ್ಟಿಯನ್ನೋ ರೇಷ್ಮೆ ಹುರಿಯನ್ನೋ ತೂರಿಸಿ, ಅದರ ತುದಿಗಳನ್ನು ಮೇಣದ ನಡುವೆ ಹೂತು ಅಚ್ಚು ಒತ್ತುತ್ತಾರೆ. ಅಚ್ಚು ಕಂಚಿನದು, ಅಕ್ಷರ ತಿರುಗುಮುರುಗು.

ಮೋಸ ನಡೆಯುತ್ತಿದ್ದದ್ದು ಬೆನ್ನಿನಲ್ಲಿ. ಕಾಯಿಸಿದ ತೆಳು ಅಲಗಿನಿಂದ ಮೇಣದ ಹಿಂಬದಿ ಸೀಳಿ, ಹಳೆ ಪಟ್ಟಿ ಕಿತ್ತು, ಸುಳ್ಳು ಪತ್ರದ ಪಟ್ಟಿ ಇಟ್ಟು ಮತ್ತೆ ಬೆಸೆಯುವುದು. ಮುಂದಿನ ಚಿತ್ರ, ಕೋಟೆಯೋ ಹಡಗೋ, ಅಪ್ಪಟ ಅಸಲಿ! ಅದಕ್ಕೇ ಹಿಂಬದಿಗೂ ಇನ್ನೊಂದು ಅಚ್ಚು ಬಂತು. ಸೀಳಿದರೆ ಅದರ ಗೆರೆಗಳು ಕದಡುತ್ತವೆ. ಹಳೆಯ ಮುದ್ರೆ ಕೈಗೆ ಬಂದರೆ ನಾನಂತೂ ಮುಖಕ್ಕಿಂತ ಮೊದಲು ಬೆನ್ನು, ಆಮೇಲೆ ಪಟ್ಟಿ ಹೊರಬರುವ ಜಾಗ ನೋಡಿ ಎನ್ನುತ್ತೇನೆ. ಅಲ್ಲಿ ಮೇಣದ ಬಣ್ಣ ಬೇರೆ ಇದ್ದರೆ ಅನುಮಾನ ಪಡಲೇಬೇಕು.

ಅಚ್ಚೇ ಕಳ್ಳನ ಕೈಗೆ ಸಿಕ್ಕರೆ ಇದೆಲ್ಲ ವ್ಯರ್ಥ. ಭಂಡಾರದ ಬೀಗದಕೈ ಒಬ್ಬರ ಬಳಿಯೇ ಇರಬಾರದು ಎನ್ನುವುದನ್ನು ಕೊಡಗಿನ ಊರು-ದೇವಸ್ಥಾನಗಳ ಹಿರಿಯರಾದ ನಮ್ಮ ತಕ್ಕ ಮುಖ್ಯಸ್ಥರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲೆಂಡಿನಲ್ಲಿ 1285ರ ವರ್ತಕರ ಕಾಯಿದೆ ಇದೇ ಮಾತನ್ನು ಅಚ್ಚಿಗೂ ತಂದಿತು. ಪಟ್ಟಣದಲ್ಲಿ ಸಾಲ ದಾಖಲಿಸುವ ರಾಜಮುದ್ರೆ ಎರಡು ತುಂಡಾಗಿರಬೇಕು: ದೊಡ್ಡದು ಮೇಯರ್ ಬಳಿ, ಚಿಕ್ಕದು ಗುಮಾಸ್ತನ ಬಳಿ. ಸಾಲಗಾರನ ಸ್ವಂತ ಮುದ್ರೆಯೂ ಅದೇ ಪತ್ರಕ್ಕೆ ಬೀಳಬೇಕಿತ್ತು.